ಹಿಡಿದೆ ಎನ್ನುವವರೆಗೆ

ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಗಂಗಾಂಬಿಕೆಯ ಮೈ ತುಮಕೂರಿನಲ್ಲಿರುತ್ತಿತ್ತು, ಕೈಗಳು ಪಾವಗಡದ ಕಡೆ ಇರುತ್ತಿದ್ದವು. ನಡುವೆ ನೂರು ಕಿಲೋಮೀಟರ್. ಮೊದಮೊದಲು ಇದನ್ನು ಕೇಳಿದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾಲ್ಕು ವರ್ಷ ಕಳೆದ ಮೇಲೆ ಯಾರಿಗೂ ಅದರಲ್ಲಿ ವಿಶೇಷ ಕಾಣುತ್ತಿರಲಿಲ್ಲ. ಅವಳ ಗಂಡ ಶಾಂತಪ್ಪ ಟೈಲರ್. ಅಂಗಡಿಗೆ ಬಂದವರು "ಸಿಸ್ಟರ್ ಎಲ್ಲಿ?" ಎಂದರೆ, "ಕೈ ಪಾವಗಡಕ್ಕೆ ಹೋಗಿದೆ, ಸಂಜೆ ಬರುತ್ತೆ" ಎಂದು ಹೇಳಿ ತಾನೇ ಮೊದಲು ನಗುತ್ತಿದ್ದ. ಇದೇ ಮಾತನ್ನು ಅವನು ಸಾವಿರ ಸಲವಾದರೂ ಹೇಳಿರಬೇಕು, ಒಂದು ಸಲವೂ ಅವನಿಗೆ ಹಳತು ಅನ್ನಿಸಿರಲಿಲ್ಲ.

ವಿಷಯ ಇಷ್ಟೇ. ಹಳ್ಳಿಗಳಿಗೆ ನರ್ಸುಗಳು ಸಿಗುವುದೇ ದುಸ್ತರವಾದ ಕಾಲದಲ್ಲಿ ದೂರಹಸ್ತ ಬಂತು. ಆಂಬುಲೆನ್ಸಿನ ಚಾವಣಿಯಲ್ಲಿ ಒಂದು ಹಳಿ, ಹಳಿಯಿಂದ ಇಳಿಬಿದ್ದ ಎರಡು ಕೈ, ಬೆರಳಿಗೆ ರಬ್ಬರಿನ ಚರ್ಮ. ಇತ್ತ ತುಮಕೂರಿನ ಕೇಂದ್ರದಲ್ಲಿ ನರ್ಸು ಒಂದು ಜೊತೆ ಗವಸು ತೊಟ್ಟು ಪರದೆಯ ಮುಂದೆ ಕೂತರೆ ಅವಳ ಬೆರಳು ಮಡಚಿದಂತೆ ಅಲ್ಲಿ ರಬ್ಬರ್ ಬೆರಳು ಮಡಚುತ್ತಿತ್ತು. ಅಷ್ಟೇ ಆಗಿದ್ದರೆ ಅದೊಂದು ದುಬಾರಿ ಆಟಿಕೆ. ಆದರೆ ಅಲ್ಲಿ ಮುಟ್ಟಿದ್ದು ಇಲ್ಲಿ ತಿಳಿಯುತ್ತಿತ್ತು. ಜ್ವರದ ಹಣೆಯ ಬಿಸಿ, ಮಣಿಕಟ್ಟಿನ ನಾಡಿ, ಬಸುರಿಯ ಹೊಟ್ಟೆಯೊಳಗೆ ಮಗು ಒದೆಯುವುದು, ಎಲ್ಲವೂ ಗವಸಿನೊಳಗೆ ಬಂದು ತಟ್ಟುತ್ತಿತ್ತು. ಹಳ್ಳಿಯವರು ಅದಕ್ಕೆ ರಬ್ಬರ್ ಕೈ ಅಂತಲೇ ಹೆಸರಿಟ್ಟಿದ್ದರು. "ಇವತ್ತು ರಬ್ಬರ್ ಕೈಯಾಗೆ ಯಾರವ್ರೆ, ಗಂಗಾ ಸಿಸ್ಟರ್ರಾ?" ಎಂದು ಕೇಳಿಕೊಂಡೇ ಹೆಂಗಸರು ಬರುತ್ತಿದ್ದರು.

ಕೈ ಒಂದು ಕಡೆ, ಮೈ ಒಂದು ಕಡೆ ಆದ ಕೂಡಲೇ ಕಾನೂನಿಗೆ ತಲೆನೋವು ಹಿಡಿಯಿತು. ನರ್ಸು ಕೆಲಸ ಮಾಡುತ್ತಿರುವುದು ಎಲ್ಲಿ? ಅವಳು ಕೂತಲ್ಲೋ, ರೋಗಿ ಮಲಗಿದಲ್ಲೋ? ದೊಡ್ಡ ದೊಡ್ಡವರು ಕೂತು, ಎದ್ದು, ಮತ್ತೆ ಕೂತು, ರೋಗಿ ಮಲಗಿದಲ್ಲಿ ಎಂದು ತೀರ್ಮಾನಿಸಿದರು. ಅದಕ್ಕೆ ಕಾರಣವೂ ಇತ್ತು. ಆರಂಭದಲ್ಲಿ ಯಾರೋ ಒಂದಷ್ಟು ಜನ ಕಳ್ಳ ಸರ್ಟಿಫಿಕೇಟು ಇಟ್ಟುಕೊಂಡು, ಎಲ್ಲೋ ಕೂತು, ಯಾರ ಯಾರ ಮೈಗೋ ಸೂಜಿ ಚುಚ್ಚಿದ್ದರು. ಹಾಗಾಗಿ ರೋಗಿ ಯಾವ ರಾಜ್ಯದ ನೆಲದ ಮೇಲಿದ್ದಾನೋ ಆ ರಾಜ್ಯದ ಲೈಸೆನ್ಸು ನರ್ಸಿಗೆ ಇರಲೇಬೇಕು ಎಂದಾಯಿತು. ಇಲ್ಲದಿದ್ದರೆ ಗಡಿಬೀಗ. ಆಂಬುಲೆನ್ಸು ರಾಜ್ಯದ ಗೆರೆ ದಾಟಿದ ಕ್ಷಣವೇ ರಬ್ಬರ್ ಕೈ ತಾನಾಗಿ ತೆರೆದುಕೊಂಡು ಚಾವಣಿಗೆ ಸರಿದುಬಿಡುತ್ತಿತ್ತು.

ಪಾವಗಡದ ಸುತ್ತ ಆಂಧ್ರದ ನೆಲವೇ ಹೆಚ್ಚು. ಅಲ್ಲಿನ ಜನ ಹೆಣ್ಣು ಕೊಡುವುದು ಆಚೆಗೆ, ತರುವುದು ಆಚೆಯಿಂದ. ಮನೆಯೊಳಗೆ ಕನ್ನಡದಲ್ಲಿ ಶುರುವಾದ ಜಗಳ ಅಂಗಳಕ್ಕೆ ಬರುವ ಹೊತ್ತಿಗೆ ತೆಲುಗಾಗಿರುತ್ತದೆ. ಗಂಗಾಂಬಿಕೆಗೆ ಆಚೆಯ ಲೈಸೆನ್ಸು ಇರಲಿಲ್ಲ. ಅರ್ಜಿ ಹಾಕಿ ಹನ್ನೊಂದು ತಿಂಗಳಾಗಿತ್ತು. ಈಚೆಯ ಮಂಡಳಿ ಕೊಡುವ ನಿರಾಕ್ಷೇಪಣಾ ಪತ್ರದ ಆಯಸ್ಸು ಆರು ತಿಂಗಳು, ಪೊಲೀಸರ ಪತ್ರದ ಆಯಸ್ಸು ಮೂರು. ಎರಡನೆಯದು ಕೈಸೇರುವ ಹೊತ್ತಿಗೆ ಮೊದಲನೆಯದು ತೀರಿಕೊಂಡಿರುತ್ತಿತ್ತು.

ಅದಕ್ಕೇ ಗಡಿಯಲ್ಲಿ ಹಸ್ತಾಂತರ. ಆಂಬುಲೆನ್ಸು ಗೆರೆಯಿಂದ ಅರ್ಧ ಕಿಲೋಮೀಟರ್ ದೂರವಿರುವಾಗಲೇ ಆಚೆ ಕೇಂದ್ರದ ನರ್ಸು ತನ್ನ ಗವಸು ತೊಟ್ಟು ಅದೇ ರಬ್ಬರ್ ಕೈಯೊಳಗೆ ಬಂದು ಸೇರುತ್ತಿದ್ದಳು. ಕೆಲವು ಕ್ಷಣ ಒಂದೇ ಕೈಯಲ್ಲಿ ಇಬ್ಬರು. ಯಂತ್ರ ಇಬ್ಬರ ಹಿಡಿತವನ್ನೂ ಬೆರೆಸಿ ಒಂದೇ ಹಿಡಿತ ಮಾಡುತ್ತಿತ್ತು. ಇದಕ್ಕೆ ಕೂಡುಹಿಡಿತ ಎಂದು ಹೆಸರು. ತುಂಬಿದ ಬೋಗುಣಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರು ತೆಗೆದುಕೊಳ್ಳುವಾಗ ಮಾಡುವ ಹಾಗೆಯೇ. ತೆಗೆದುಕೊಳ್ಳುವವಳು "ಹಿಡಿದೆ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವವರೆಗೆ ಕೊಡುವವಳು ಬಿಡುವಂತಿಲ್ಲ. ನರ್ಸುಗಳಿಗೆ ಮೊದಲ ವರ್ಷದಲ್ಲೇ ಬೈದು ಬೈದು ಕಲಿಸುವ ಪಾಠ ಇದು. ಯಂತ್ರ ಮಾಡಿದವರು ಅದನ್ನೇ ನಿಯಮವಾಗಿ ಬರೆದುಕೊಂಡಿದ್ದರು. ಹತ್ತು ಹದಿನೈದು ಸೆಕೆಂಡಿನಲ್ಲಿ ಮುಗಿಯುವ ಕೆಲಸ. ಹಿಡಿದೆ ಎಂದ ಮೇಲೆ ರಬ್ಬರ್ ಕೈ ಒಮ್ಮೆ ಪೂರ್ತಿ ತೆರೆದುಕೊಂಡು, ಹೊಸ ನರ್ಸಿನ ಬೆರಳುಗಳ ಅಳತೆ ತೆಗೆದುಕೊಂಡು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೆ ಹನ್ನೆರಡು ಸೆಕೆಂಡು.

ಆಚೆ ಕೇಂದ್ರದಲ್ಲಿ ಹೆಚ್ಚಾಗಿ ಬರುತ್ತಿದ್ದವಳು ಸುವಾರ್ತ. ನಾಲ್ಕು ವರ್ಷದಲ್ಲಿ ಅವರಿಬ್ಬರೂ ಆಡಿದ ಮಾತನ್ನೆಲ್ಲ ಕೂಡಿಸಿದರೂ ಒಂದು ಗಂಟೆ ಆಗಲಾರದು. ಮುಖ ನೋಡಿದ್ದೇ ಇಲ್ಲ. "ಏನಮ್ಮಾ ಗಂಗಾ, ಊಟ ಆಯ್ತಾ?" "ಆಯ್ತು ಸುವಾರ್ತಕ್ಕ, ಇವರಿಗೆ ಸೂಜಿ ಕಂಡ್ರೆ ಭಯ, ಮಾತಾಡಿಸ್ತಾ ಇರಿ." "ಹಿಡಿದೆ." ಅಷ್ಟೇ.

*

ಚಿಕ್ಕತಿಮ್ಮನಹಟ್ಟಿಯ ಶಿರೀಷಾಳಿಗೆ ಅದು ಚೊಚ್ಚಲು. ತವರು ಗಡಿಯಾಚೆ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ಆ ಕಡೆ ಅದರಲ್ಲಿ ಎರಡು ಮಾತಿಲ್ಲ. ಏಳು ತಿಂಗಳಿನಿಂದ ಹದಿನೈದು ದಿನಕ್ಕೊಮ್ಮೆ ಅವಳ ಹೊಟ್ಟೆ ಮುಟ್ಟಿ ನೋಡುತ್ತಿದ್ದವಳು ಗಂಗಾಂಬಿಕೆ. "ಸೀಮಂತ ಆಯ್ತಲ್ಲ, ಬೇಗ ತವರಿಗೆ ಹೋಗಿಬಿಡು ಮಗಳೇ" ಎಂದು ಎರಡು ಸಲ ಹೇಳಿದ್ದಳು. ಅತ್ತೆ ಈರಕ್ಕ ಬರುವ ಗುರುವಾರ ದಿನ ಚೆನ್ನಾಗಿದೆ ಎಂದು ಹಟ ಹಿಡಿದು ಕೂತಿದ್ದಳು. ಮಗು ಈರಕ್ಕನ ಪಂಚಾಂಗ ನೋಡಲಿಲ್ಲ. ಮೂರು ವಾರ ಮೊದಲೇ, ಸೋಮವಾರ ಬೆಳಿಗ್ಗೆ, ನೋವು ಶುರುವಾಯಿತು.

ಆಂಬುಲೆನ್ಸಿನ ಡ್ರೈವರ್ ದಾದಾಪೀರ್ ಇಪ್ಪತ್ತು ನಿಮಿಷದಲ್ಲಿ ಬಾಗಿಲಿಗೆ ಬಂದ. ರಕ್ತ ಸಿಗುವಂಥ ದೊಡ್ಡ ಆಸ್ಪತ್ರೆ ಈಚೆ ಕಡೆಗಾದರೆ ಎಪ್ಪತ್ತು ಕಿಲೋಮೀಟರ್, ಗಡಿಯಾಚೆಗಾದರೆ ಮೂವತ್ತು. ಯೋಚಿಸುವುದಕ್ಕೇನಿತ್ತು? ಗಾಡಿ ಆಚೆಗೇ ಹೊರಟಿತು. ಮಗು ದಾರಿಯಲ್ಲೇ ಹುಟ್ಟಿತು, ಹೆಣ್ಣು, ಹುಟ್ಟಿದ ಕೂಡಲೇ ಗಾಡಿ ಅದುರುವಂತೆ ಅತ್ತಿತು. ಗಂಗಾಂಬಿಕೆ ಮಗುವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ಈರಕ್ಕನ ಮಡಿಲಿಗೆ ಹಾಕಿದಳು. ಮಾಸು ಬಿತ್ತು. ಎಲ್ಲ ಸರಿಯಾಯಿತು ಅನ್ನುವಾಗ ರಕ್ತ ಶುರುವಾಯಿತು.

ಹೆರಿಗೆಯಾದ ಮೇಲೆ ಗರ್ಭಕೋಶ ತಾನಾಗಿ ಬಿಗಿದುಕೊಳ್ಳಬೇಕು. ಕೆಲವು ಸಲ ಸುಸ್ತಾಗಿ ಸಡಿಲ ಬಿದ್ದುಬಿಡುತ್ತದೆ. ಆಗ ಮೈಯಲ್ಲಿರುವ ರಕ್ತವೆಲ್ಲ ನಲ್ಲಿ ಬಿಟ್ಟ ಹಾಗೆ ಹೊರಗೆ ಬರುತ್ತದೆ. ಗಂಗಾಂಬಿಕೆ ಇಂಜೆಕ್ಷನ್ ಕೊಟ್ಟಳು, ಹೊಟ್ಟೆ ಉಜ್ಜಿದಳು. ನಿಲ್ಲಲಿಲ್ಲ. ಇನ್ನುಳಿದದ್ದು ಒಂದೇ ದಾರಿ. ಒಂದು ಕೈ ಒಳಗಿನಿಂದ, ಇನ್ನೊಂದು ಕೈ ಹೊಟ್ಟೆಯ ಮೇಲಿನಿಂದ, ನಡುವೆ ಗರ್ಭಕೋಶವನ್ನು ಸಿಕ್ಕಿಸಿ ಒತ್ತಿ ಹಿಡಿಯಬೇಕು. ಹಿಡಿದರೆ ಆಸ್ಪತ್ರೆಯವರೆಗೆ ಬಿಡುವಂತಿಲ್ಲ. ಅವಳು ಹಿಡಿದಳು. ಜಾಗ ಸಿಕ್ಕಿತು. ರಕ್ತ ಕಡಿಮೆಯಾಯಿತು. ಗವಸಿನೊಳಗೆ ಶಿರೀಷಾಳ ಹೊಟ್ಟೆಯ ಬಿಸಿ ಅವಳಿಗೆ ತಿಳಿಯುತ್ತಿತ್ತು.

"ಗಡಿ ಎಷ್ಟು ದೂರ ದಾದಣ್ಣ?"

"ಇಲ್ಲೇ ಸಿಸ್ಟರ್, ಒಂದು ಕಿಲೋಮೀಟರ್. ಆಚೇವ್ರನ್ನ ಕರ್ದಾಯ್ತು, ಇನ್ನೂ ಯಾರೂ ಬಂದಿಲ್ಲ."

ಪರದೆಯ ಮೂಲೆಯಲ್ಲಿ ಹಸ್ತಾಂತರದ ದೀಪ ಬೂದು ಬಣ್ಣದಲ್ಲೇ ಇತ್ತು. ಆಚೆಯವರು ಬರದೆ ಗೆರೆ ದಾಟಿದರೆ ಕೈ ಬಿಚ್ಚಿಕೊಳ್ಳುತ್ತದೆ. ಕೈ ಬಿಚ್ಚಿಕೊಂಡರೆ ಶಿರೀಷಾ ಆಸ್ಪತ್ರೆ ಮುಟ್ಟುವುದಿಲ್ಲ.

"ನಿಲ್ಸಿ ದಾದಣ್ಣ."

"ನಿಲ್ಸೋದಾ!"

"ಗೆರೆ ಈಚೆಗೇ ನಿಲ್ಸಿ. ಇಂಜಿನ್ ಆಫ್ ಮಾಡ್ಬೇಡಿ."

ಗಾಡಿ ನಿಂತಿತು. ಈರಕ್ಕ ಮಗುವನ್ನು ಎದೆಗೆ ಅವಚಿಕೊಂಡು ಚಾವಣಿಯ ಕ್ಯಾಮೆರಾದ ಕಡೆ ಕತ್ತೆತ್ತಿ ಕೂಗಿದಳು: "ಯಾಕವ್ವಾ ನಿಲ್ಸುದ್ರಿ? ಸೊಸೆ ಬೆಳ್ಳಗಾಗೋವ್ಳೆ, ಕಾಣಾಕಿಲ್ವಾ ನಿಂಗೆ?"

"ಕಾಣ್ತಾ ಇದೆ ಈರಕ್ಕ. ನಾನು ಹಿಡ್ಕೊಂಡಿದ್ದೀನಿ. ನೀವು ಅವಳನ್ನ ಮಾತಾಡಿಸ್ತಾ ಇರಿ, ಕಣ್ಣು ಮುಚ್ಚೋಕೆ ಬಿಡ್ಬೇಡಿ."

ದನಿ ಗಟ್ಟಿಯಾಗಿತ್ತು. ಕಣ್ಣು ಮಾತ್ರ ದೀಪದ ಮೇಲೇ ಇತ್ತು. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಅವಳು ಎಷ್ಟೋ ಸಾವು ಕಂಡಿದ್ದಳು, ಆದರೆ ಒಂದು ಗೆರೆಗೋಸ್ಕರ ಕಾದು ಕೂತ ಸಾವನ್ನು ಕಂಡಿರಲಿಲ್ಲ. ಒಂದು ನಿಮಿಷ. ಒಂದೂವರೆ. ದೀಪ ಹಳದಿಯಾಯಿತು.

"ಗಂಗಾ? ಕ್ಷಮಿಸಮ್ಮಾ, ಇನ್ನೊಂದು ಗಾಡಿ ಕೈಯೊಳಗಿದ್ದೆ" ಎಂದಳು ಸುವಾರ್ತ. ಮರುಕ್ಷಣ ಗವಸಿನೊಳಗೆ ಇನ್ನೊಂದು ಹಿಡಿತ ಬಂದು ಕೂಡಿದ್ದು ತಿಳಿಯಿತು. ಏನನ್ನು ಹಿಡಿದಿದ್ದೇನೆ ಎಂದು ಸುವಾರ್ತಳ ಬೆರಳಿಗೆ ಗೊತ್ತಾಗಿತ್ತು.

"ಅಯ್ಯೋ ತಂಡ್ರೀ" ಎಂದು ಮೆಲ್ಲಗೆ ದೇವರನ್ನು ಕರೆದಳು.

"ಹೊರಡಿ ದಾದಣ್ಣ!" ಎಂದಳು ಗಂಗಾಂಬಿಕೆ. ಗಾಡಿ ಹೊರಟಿತು. "ಸುವಾರ್ತಕ್ಕ, ಹೆರಿಗೆ ಆಗಿ ಹದಿನೆಂಟು ನಿಮಿಷ. ಇಂಜೆಕ್ಷನ್ ಕೊಟ್ಟಾಯ್ತು, ನಿಲ್ಲಲಿಲ್ಲ. ಈ ಹಿಡಿತದಲ್ಲಿ ಮಾತ್ರ ನಿಂತಿದೆ."

"ನಾನು ಹಿಡಿದೆ ಅಂದ್ರೆ ಕೈ ಬಿಚ್ಚುತ್ತೆ ಕದಾ? ಹನ್ನೆರಡು ಸೆಕೆಂಡು."

"ಹೌದು."

"ಆಮೇಲೆ ಈ ಜಾಗ ನಂಗೆ ಮತ್ತೆ ಸಿಗೋದು ಯಾವಾಗಲೋ."

ಮುಂದಿನ ಗಾಜಿನಿಂದ ಕಾಣುವ ರಸ್ತೆಯಲ್ಲಿ ಗೆರೆಯ ಹಳದಿ ಕಲ್ಲು ಹತ್ತಿರ ಬರುತ್ತಿತ್ತು.

"ಗಂಗಾ," ಎಂದಳು ಸುವಾರ್ತ, "ನಾನು ಅನ್ನಲ್ಲ. ನೀನು ಬಿಡಬೇಡ."

ಕಲ್ಲು ಹಿಂದಕ್ಕೆ ಹೋಯಿತು. ಗಡಿಬೀಗ ಒಂದು ಕ್ಷಣ ಲೆಕ್ಕ ಹಾಕಿತೋ ಏನೋ, ಪರದೆ ಮಿಟುಕಿತು. ಹಸ್ತಾಂತರ ನಡೆಯುತ್ತಿದೆ ಎಂದು ಬರೆದುಕೊಂಡು ಸುಮ್ಮನಾಯಿತು. ಕೈ ಬಿಚ್ಚಿಕೊಳ್ಳಲಿಲ್ಲ. ಕೂಡುಹಿಡಿತ ಇಷ್ಟು ಹೊತ್ತಿಗೆ ಮುಗಿಯಬೇಕು ಎಂದು ಯಂತ್ರ ಮಾಡಿದವರು ಎಲ್ಲೂ ಬರೆದಿರಲಿಲ್ಲ. ಹದಿನೈದು ಸೆಕೆಂಡಿಗಿಂತ ಹೆಚ್ಚು ಯಾರು ತಾನೆ ಎಳೆಯುತ್ತಾರೆ ಎಂದುಕೊಂಡಿದ್ದರು, ಪಾಪ.

ಐದು ನಿಮಿಷವಾಗುವಷ್ಟರಲ್ಲಿ ತುಮಕೂರಿನ ಕೇಂದ್ರದ ಮೇಲ್ವಿಚಾರಕ ವಿನಯಕುಮಾರ ಗಂಗಾಂಬಿಕೆಯ ಕುರ್ಚಿಯ ಹಿಂದೆ ಬಂದು ನಿಂತ. ಹುಡುಗ ಕೆಟ್ಟವನಲ್ಲ, ಆದರೆ ಪರದೆಯ ಮೇಲೆ ಹಳದಿ ದೀಪ ಕಂಡರೆ ಅವನಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು.

"ಸಿಸ್ಟರ್, ಗಾಡಿ ಆಚೆ ಹೋಗಿದೆ. ಹಸ್ತಾಂತರ ಮುಗಿಸಿ."

"ಅವರು ಹಿಡಿದೆ ಅಂದಿಲ್ಲ ಸರ್."

"ಅನ್ನೋಕೆ ಹೇಳಿ!"

"ಹಾಗೆ ಹೇಳಿಸೋ ಹಾಗಿಲ್ಲ ಸರ್, ನಿಯಮ ಇದೆ."

"ಲೈಸೆನ್ಸ್ ಇಲ್ದೆ ಇನ್ನೊಂದು ರಾಜ್ಯದಲ್ಲಿ ಕೈ ಹಾಕಿದ್ದೀರಿ ಅಂತ ಬರ್ಕೊತಾರೆ ಸಿಸ್ಟರ್. ಇರೋ ಲೈಸೆನ್ಸೂ ಹೋಗುತ್ತೆ. ನಿಮ್ಮದಲ್ಲದೆ ನನ್ನ ತಲೇನೂ ಹೋಗುತ್ತೆ."

ಗಂಗಾಂಬಿಕೆ ತಿರುಗಿ ನೋಡಲಿಲ್ಲ. "ನಿಮಗೆ ಹೇಳಿದ್ದೆ, ನಾನು ಕೇಳಲಿಲ್ಲ ಅಂತ ಬರೀರಿ ಸರ್. ಆಮೇಲೆ ಒಂದು ಉಪಕಾರ ಮಾಡಿ. ಆ ಆಸ್ಪತ್ರೆಗೆ ಫೋನ್ ಮಾಡಿ, ಬಾಗಿಲಲ್ಲಿ ಡಾಕ್ಟರು, ಎರಡು ಬಾಟಲಿ ರಕ್ತ ಇರಲಿ ಅಂತ ಹೇಳಿ. ಬಿ ಪಾಸಿಟಿವ್."

ವಿನಯಕುಮಾರ ಫೋನಿನ ಕಡೆ ಓಡಿದ.

ಹತ್ತನೇ ನಿಮಿಷಕ್ಕೆ ಅವಳ ಎಡಗೈ ಹೆಬ್ಬೆರಳು ಸೆಟೆದುಕೊಂಡಿತು. ನೋವು ಮೊಣಕೈವರೆಗೆ ಹತ್ತಿತು. "ಸುವಾರ್ತಕ್ಕ, ಬೆರಳು ಹಿಡ್ಕೊಂತಾ ಇದೆ" ಎಂದಳು ಹಲ್ಲು ಕಚ್ಚಿ. "ಭಾರ ನನ್ನ ಮೇಲೆ ಬಿಡು. ನೀನು ಜಾಗ ಮಾತ್ರ ಕಾಯಿ" ಎಂದಳು ಸುವಾರ್ತ. ಗಂಗಾಂಬಿಕೆ ಸ್ವಲ್ಪವೇ ಸಡಿಲಿಸಿದಳು. ಹಿಡಿತ ಸಡಿಲವಾಗಲಿಲ್ಲ, ಕಾಣದ ಇನ್ನೊಂದು ಕೈ ಅದನ್ನು ಹೊತ್ತುಕೊಂಡಿತ್ತು. ಆಮೇಲೆ ಸುವಾರ್ತಳಿಗೆ ದಣಿವಾದಾಗ ಇವಳು ಹೊತ್ತಳು. ಹೀಗೇ ಒಬ್ಬರಾದ ಮೇಲೊಬ್ಬರು. ನಡುವೆ ಸುವಾರ್ತ ತೆಲುಗಿನಲ್ಲಿ ಶಿರೀಷಾಳನ್ನು ಮಾತಾಡಿಸುತ್ತಿದ್ದಳು. ಅವಳ ತಾಯಿಯ ಊರು, ಆ ಊರಿನ ಹುಣಿಸೆತೋಪು, ಮಗುವಿಗೆ ಏನು ಹೆಸರಿಡುತ್ತೀಯ ಎಂದು. ಶಿರೀಷಾ ಒಮ್ಮೆ ತುಟಿ ಅಲ್ಲಾಡಿಸಿ ಏನೋ ಹೇಳಿದಳು. ತವರಿನ ಮಾತು ಕೇಳಿ ಅವಳ ಕಣ್ಣು ತೆರೆದೇ ಇತ್ತು.

ಮೂವತ್ತೊಂದು ನಿಮಿಷ. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಗಾಡಿಯೊಳಗೇ ಹತ್ತಿ ಬಂದರು. ನಿಜವಾದ ಕೈಯೊಂದು ರಬ್ಬರ್ ಕೈಯ ಪಕ್ಕದಲ್ಲಿ ನುಗ್ಗಿ ಅದೇ ಜಾಗ ಹಿಡಿಯಿತು. "ಪಟ್ಟುಕೊನ್ನಾನು" ಎಂದರು ಡಾಕ್ಟರು, ತೆಲುಗಿನಲ್ಲಿ ಹಿಡಿದೆ ಎಂದು. ಗಂಗಾಂಬಿಕೆಯೂ ಸುವಾರ್ತಳೂ ಒಟ್ಟಿಗೇ ಬಿಟ್ಟರು.

ಗವಸು ಬಿಚ್ಚಿದರೂ ಗಂಗಾಂಬಿಕೆಯ ಬೆರಳುಗಳು ಮಡಚಿಕೊಂಡೇ ಇದ್ದವು. ಒಂದೊಂದನ್ನೇ ಬಿಡಿಸಬೇಕಾಯಿತು. ಒಂದೂವರೆ ಗಂಟೆಯ ಮೇಲೆ ದಾದಾಪೀರ್ ಫೋನ್ ಮಾಡಿದ. "ಸಿಸ್ಟರ್, ಹುಡುಗಿ ಉಳ್ಕೊಂಡ್ಳು. ರಕ್ತ ನಿಂತೈತೆ. ಈರಕ್ಕ ಅಳ್ತಾ ಅವ್ಳೆ, ಅದು ಖುಷಿಗೆ." ಗಂಗಾಂಬಿಕೆ ಕೇಂದ್ರದ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ತಾನೂ ಮನಸ್ಸು ಪೂರ್ತಿ ಅತ್ತಳು. ಹೊರಗೆ ಬರುವ ಹೊತ್ತಿಗೆ ಅವಳ ಮೇಜಿನ ಮೇಲೆ ನೋಟೀಸು ಬಂದಿತ್ತು. ವಿಚಾರಣೆ ಮುಗಿಯುವವರೆಗೆ ಗವಸು ಮುಟ್ಟುವಂತಿಲ್ಲ.

*

ಹನ್ನೆರಡು ದಿನ ಅವಳ ಕೈ ಮನೆಯಲ್ಲೇ ಇತ್ತು. ಅದರಿಂದ ಮನೆಯವರಿಗೆ ತೊಂದರೆಯೇ ಆಯಿತು. ಅವಳು ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ತೊಳೆದಳು, ಒರೆಸಿದ ಗಾಜನ್ನೇ ಮತ್ತೆ ಒರೆಸಿದಳು, ಶಾಂತಪ್ಪನ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿ ಅವನಿಗೆ ಬೇಕಾದ ದಾರ ಸಿಗದಂತೆ ಮಾಡಿದಳು.

"ಅಂಗಡಿಗೆ ಬರ್ಬೇಡ ಮಾರಾಯ್ತಿ" ಎಂದು ಅವನು ಕೈಮುಗಿದ.

"ಎಲ್ಲಿಗೆ ಹೋಗ್ಲಿ ಮತ್ತೆ?" ಎಂದಳು ಅವಳು. ತಮಾಷೆಗೆ ಅಂದದ್ದು, ಆದರೆ ನಗಲಿಲ್ಲ. ಅವನು ಕತ್ತರಿ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತ.

"ಹೋದ್ರೆ ಹೋಗ್ಲಿ ಬಿಡು. ಆ ಹುಡುಗಿ ಇದ್ದಾಳಲ್ಲ."

"ಅವಳಿದ್ದಾಳೆ, ಅದಕ್ಕೇ ನನಗೆ ಪಶ್ಚಾತ್ತಾಪ ಇಲ್ಲ. ಆದ್ರೆ ಭಯ ಇದೆ ಕಣ್ರೀ. ನನಗೆ ಬರೋದು ಇದೊಂದೇ ಕೆಲಸ. ಹದಿನೆಂಟನೇ ವಯಸ್ಸಿಂದ ಯಾರದಾದ್ರೂ ನಾಡಿ ಹಿಡಿದೇ ದಿನ ಕಳೆದಿದ್ದೀನಿ. ಲೈಸೆನ್ಸು ಕಿತ್ಕೊಂಡ್ರೆ ಯಾರಿಗೆ ಜ್ವರ ಬಂದ್ರೂ ನಾನು ನಿಂತು ನೋಡ್ಬೇಕು."

ಶಾಂತಪ್ಪ ಅವತ್ತು ಅಂಗಡಿ ಬೇಗ ಮುಚ್ಚಿದ. ಮಧ್ಯಾಹ್ನ ತಾನೇ ಮುದ್ದೆ ತೊಳಸಿದ. ಗಂಟುಗಂಟಾಗಿತ್ತು. ಅವಳು ದೂರದೆ ನುಂಗಿದಳು, ಅದು ಅವನಿಗೆ ಇನ್ನೂ ಚಿಂತೆಗೆ ಕಾರಣವಾಯಿತು.

*

ವಿಚಾರಣೆಯನ್ನು ಯಾವ ರಾಜ್ಯದಲ್ಲಿ ನಡೆಸಬೇಕು ಎಂಬ ವಿಚಾರಣೆಗೇ ನಾಲ್ಕು ದಿನ ಹಿಡಿಯಿತಂತೆ. ಕೊನೆಗೆ ಪಾವಗಡದ ಪ್ರವಾಸಿ ಮಂದಿರ ಎಂದಾಯಿತು. ದೂರಶುಶ್ರೂಷೆಯ ಜಂಟಿ ಮಂಡಳಿಯವರು ಮೂವರು ಮೇಜಿನ ಆಚೆ ಕೂತಿದ್ದರು. ನಡುವೆ ಅಧ್ಯಕ್ಷ ಕಮಲಾಕರ ರಾವ್, ಎಡಕ್ಕೆ ಕಾನೂನು ಅಧಿಕಾರಿ, ಬಲಕ್ಕೆ ವಿಮಲಾಬಾಯಿ ಎಂಬ ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಬಿಳಿಕೂದಲ ಗಟ್ಟಿಗಿತ್ತಿ.

ಗಂಗಾಂಬಿಕೆ ಒಳಗೆ ಬಂದಾಗ ಬೆಂಚಿನ ಮೇಲೆ ಸಣಕಲು ಹೆಂಗಸೊಬ್ಬಳು ಕೂತಿದ್ದಳು. ನಿವೃತ್ತಿಗೆ ಹತ್ತಿರದ ವಯಸ್ಸು, ಕೊರಳಲ್ಲಿ ಸಣ್ಣ ಶಿಲುಬೆ. ಗಂಗಾಂಬಿಕೆ ಪಕ್ಕದಲ್ಲಿ ಕೂತಳು. ಸುವಾರ್ತ ಎಂದರೆ ಆಳೆತ್ತರದ ದಪ್ಪ ಹೆಂಗಸು ಎಂದು ಅವಳು ನಾಲ್ಕು ವರ್ಷದಿಂದ ನಂಬಿದ್ದಳು. ಆ ಹಿಡಿತಕ್ಕೆ ಅಂಥ ಮೈಯೇ ಬೇಕು. ಆ ಸಣಕಲು ಹೆಂಗಸು ತಿರುಗಿ, "ಊಟ ಆಯ್ತಾ ಗಂಗಾ?" ಎಂದಳು.

ಮೊದಲ ಪ್ರಶ್ನೆ ಸುವಾರ್ತಳಿಗೆ ಬಂತು. "ಹದಿನೈದು ಸೆಕೆಂಡಿನ ಹಸ್ತಾಂತರಕ್ಕೆ ಮೂವತ್ತೊಂದು ನಿಮಿಷ ಯಾಕೆ ತಗೊಂಡ್ರಿ?" ಎಂದರು ಕಮಲಾಕರ ರಾವ್.

"ಸರಿಯಾಗಿ ಹಿಡಿದ ಮೇಲೆ ಹಿಡಿದೆ ಅನ್ಬೇಕು ಸಾರ್. ನನಗೆ ಆ ಜಾಗ ಸರಿಯಾಗಿ ಸಿಕ್ಕಿರಲಿಲ್ಲ. ಸಿಗದೇ ಸಿಕ್ತು ಅಂತ ಸುಳ್ಳು ಹೇಳ್ಬೇಕಿತ್ತಾ?"

ಅಧ್ಯಕ್ಷರು ಗಂಗಾಂಬಿಕೆಯ ಕಡೆ ತಿರುಗಿದರು. "ನೀವು ಯಾಕೆ ಬಿಡಲಿಲ್ಲ?"

"ಅವರು ಹಿಡಿದೆ ಅನ್ನಲಿಲ್ಲ ಸರ್. ಅನ್ನೋವರೆಗೆ ಬಿಡೋ ಹಾಗಿಲ್ಲ."

"ಅಂದರೆ ಇಬ್ಬರೂ ಮಾತಾಡಿಕೊಂಡು ಮಾಡಿದ್ದು" ಎಂದರು ಕಾನೂನು ಅಧಿಕಾರಿ.

ಗಂಗಾಂಬಿಕೆಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದು ಸರ್" ಎಂದಳು. "ಮಾತಾಡಿಕೊಂಡೇ ಮಾಡಿದ್ದು. ಬಿಟ್ಟಿದ್ದರೆ ಆ ಹುಡುಗಿ ಹೋಗ್ತಿದ್ದಳು. ನಿಯಮದೊಳಗೆ ಒಂದು ದಾರಿ ಇತ್ತು, ಆ ದಾರೀಲಿ ಹೋದ್ವಿ. ದಾರಿ ಇಲ್ಲದೇ ಇದ್ದಿದ್ರೆ ಏನ್ ಮಾಡ್ತಿದ್ನೋ ನಂಗೊತ್ತಿಲ್ಲ."

ಕಾನೂನು ಅಧಿಕಾರಿ ಬಾಗಿಲ ಬಳಿ ನಿಂತಿದ್ದ ಎಂಜಿನಿಯರನ್ನು ಕರೆದರು. "ಆ ಮೂವತ್ತೊಂದು ನಿಮಿಷದಲ್ಲಿ ಯಾವುದು ಲೈಸೆನ್ಸ್ ಇದ್ದವರ ಹಿಡಿತ, ಯಾವುದು ಇಲ್ಲದವರದ್ದು? ದಾಖಲೆ ಕೊಡಿ."

ಎಂಜಿನಿಯರ್ ಕನ್ನಡಕ ಸರಿಮಾಡಿಕೊಂಡ. "ಕೂಡುಹಿಡಿತದಲ್ಲಿ ಇಬ್ಬರದ್ದೂ ಬೆರೆತು ಒಂದೇ ಆಗುತ್ತೆ ಸರ್. ಬೇರೆ ಬೇರೆಯಾಗಿ ಬರ್ಕೊಳಲ್ಲ. ದಾಖಲೆಯಲ್ಲಿರೋದು ಒಂದೇ ಕೈ."

"ಹಾಗಾದರೆ ಆ ಕೈ ಯಾರದ್ದು?"

"ಯಂತ್ರಕ್ಕೆ ಗೊತ್ತಿಲ್ಲ ಸರ್."

ಆಗ ಇಷ್ಟು ಹೊತ್ತೂ ಸುಮ್ಮನಿದ್ದ ವಿಮಲಾಬಾಯಿ ಕೇಳಿದರು. "ರಕ್ತ ಎಷ್ಟು ಹೋಗಿತ್ತು ಗಂಗಾಂಬಿಕೆ, ನೀನು ಹಿಡಿಯೋ ಹೊತ್ತಿಗೆ?"

"ಒಂದು ಲೀಟರ್ ಮೇಲೆ ಮೇಡಂ."

"ಹಿಡಿದ ಮೇಲೆ?"

"ಇನ್ನೂರು ಎಂಎಲ್ ಇರಬಹುದು. ಅಷ್ಟೇ."

ವಿಮಲಾಬಾಯಿ ಅಧ್ಯಕ್ಷರ ಕಡೆ ತಿರುಗಿದರು. "ರಾವ್ ಅವರೇ, ನಾನು ಇದೇ ಹಿಡಿತ ಹಿಡಿದು ಎತ್ತಿನ ಗಾಡಿಯಲ್ಲಿ ಹೋದವಳು. ಮಧ್ಯದಲ್ಲಿ ಕೈ ಬದಲಾಯಿಸಿ ಅಂತ ಯಾರಾದರೂ ಹೇಳಿದ್ದರೆ ಅವರನ್ನ ಗಾಡಿಯಿಂದ ತಳ್ಳುತ್ತಿದ್ದೆ. ಆಚೆಯ ಲೈಸೆನ್ಸ್ ಇದ್ದವಳು ಕೊನೆಯವರೆಗೆ ಕೈ ತೆಗೆದಿಲ್ಲ. ಲೈಸೆನ್ಸ್ ಇಲ್ಲದೆ ಕೆಲಸ ನಡೆದ ಒಂದು ಕ್ಷಣ ತೋರಿಸಿ, ನಾನೇ ಸಹಿ ಹಾಕ್ತೀನಿ."

ಮೂವರೂ ತಲೆ ಹತ್ತಿರ ಮಾಡಿಕೊಂಡು ಪಿಸುಗುಟ್ಟಿದರು. ಗಂಗಾಂಬಿಕೆಯ ಕೈ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಸುವಾರ್ತ ಅದರ ಮೇಲೆ ತನ್ನ ಕೈ ಇಟ್ಟಳು. ಪುಟ್ಟ ಕೈ, ಆದರೆ ಅದೇ ಬಲ.

ಕಮಲಾಕರ ರಾವ್ ಕಾಗದ ನೋಡಿಕೊಂಡು ಓದಿದರು. ನಿಯಮ ಮೀರಿಲ್ಲ. ಇಬ್ಬರ ಲೈಸೆನ್ಸಿಗೂ ಯಾವ ಬಾಧಕವೂ ಇಲ್ಲ. ಕೂಡುಹಿಡಿತಕ್ಕೆ ಇನ್ನು ಮುಂದೆ ಎರಡು ನಿಮಿಷದ ಮಿತಿ ಇರತಕ್ಕದ್ದು. ಅಷ್ಟಕ್ಕೆ ನಿಲ್ಲಿಸಿ ಕಾಗದ ಕೆಳಗಿಡಲು ಹೋದರು. ವಿಮಲಾಬಾಯಿ ಬೆರಳಿಂದ ಕೊನೆಯ ಸಾಲು ಕುಟ್ಟಿ ತೋರಿಸಿದರು. ಅವರು ಅದನ್ನೂ ಓದಿದರು: "ರೋಗಿಯ ಸ್ಥಿತಿ ಬಿಡಲು ಆಸ್ಪದ ಕೊಡದಿದ್ದಲ್ಲಿ, ಬಿಡಬಹುದಾಗುವವರೆಗೆ."

ಗಂಗಾಂಬಿಕೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎದೆಯ ಮೇಲೆ ಹನ್ನೆರಡು ದಿನದಿಂದ ಕೂತಿದ್ದ ಕಲ್ಲು ಸರಿದು, ಅವಳಿಗೆ ಉಸಿರು ಒಂದೇ ಸಲ ಪೂರ್ತಿ ಬಂತು. ಇನ್ನು ಆ ಗೆರೆಯ ಮೇಲೆ ಯಾರೂ ಕೈ ಬಿಡಬೇಕಾಗಿಲ್ಲ. ಕೂತಲ್ಲಿಂದಲೇ ಕೈಮುಗಿದಳು.

ಹೊರಗೆ ಬಂದು ಶಾಂತಪ್ಪನಿಗೆ ಫೋನ್ ಮಾಡಿದಳು. ಅತ್ತ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಏನಾಯ್ತು?" ಎಂದ. "ಉಳೀತು ಕಣ್ರೀ" ಎಂದಳು. ಅವನು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ, "ಸದ್ಯ, ನನ್ನ ದಾರಗಳು ಬದುಕಿದವು" ಎಂದ.

ಕಾಂಪೌಂಡಿನ ಬೇವಿನ ಮರದಡಿ ದಾದಾಪೀರ್ ತನ್ನ ಸ್ವಂತ ಹಳೇ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. "ಹತ್ತಿ ಇಬ್ರೂ. ಈರಕ್ಕ ಸೊಸೆ ತವರಿಗೇ ಹೋಗಿ ಕೂತವ್ಳೆ. ನಿಮ್ಮಿಬ್ರನ್ನೂ ಕರ್ಕೊಂಡು ಬರ್ದಿದ್ರೆ ನನ್ನ ಒಳಕ್ಕೆ ಬಿಡಾಕಿಲ್ವಂತೆ. ಒಬ್ಬಟ್ಟು ಮಾಡಿಸವ್ಳೆ."

ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತರು. ಮೊದಲು ಏನು ಮಾತಾಡುವುದೆಂದು ತೋಚಲಿಲ್ಲ. ಹದಿನೈದು ಸೆಕೆಂಡಿನಲ್ಲಿ ಮಾತು ಮುಗಿಸಿ ಅಭ್ಯಾಸವಾದವರು. ಆಮೇಲೆ ಸುವಾರ್ತ ತನ್ನ ಮೊದಲ ಕೆಲಸದ ಕಥೆ ತೆಗೆದಳು. ಗಂಡಸರ ವಾರ್ಡಿನಲ್ಲಿ ಮೀಸೆಯ ಪೈಲ್ವಾನನೊಬ್ಬ ಸೂಜಿ ಕಂಡು ಮಂಚದಡಿ ಹೊಕ್ಕದ್ದು, ಇವಳೂ ಸಿರಿಂಜು ಹಿಡಿದು ಮಂಚದಡಿಗೇ ಹೊಕ್ಕದ್ದು. ಗಂಗಾಂಬಿಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹನ್ನೆರಡು ದಿನದಿಂದ ನಕ್ಕಿರಲಿಲ್ಲ, ನಗು ನಿಲ್ಲಲೇ ಇಲ್ಲ. ತಾನೂ ಒಂದು ಹೇಳಿದಳು. ಸುವಾರ್ತ ಅದಕ್ಕೆ ಇನ್ನೊಂದು ಹೇಳಿದಳು. ಕಿಟಕಿಯಾಚೆ ಕಡಲೆಕಾಯಿ ಹೊಲ, ಹುಣಿಸೆಮರ, ಮತ್ತೆ ಕಡಲೆಕಾಯಿ ಹೊಲ.

ಒಮ್ಮೆ ಗಂಗಾಂಬಿಕೆಗೆ ಏನೋ ನೆನಪಾಗಿ ಮುಂದಕ್ಕೆ ಬಾಗಿ ಕೇಳಿದಳು. "ದಾದಣ್ಣ, ಗೆರೆ ಇನ್ನೂ ಎಷ್ಟು ದೂರ?"

"ಯಾವ ಗೆರೆ ಸಿಸ್ಟರ್? ಅದು ದಾಟಿ ಆಗ್ಲೇ ಮೂರು ಕಿಲೋಮೀಟರ್ ಆಯ್ತಲ್ಲ. ನೀವು ಮಾತಾಡ್ತಾ ಇದ್ರಿ."

ಗಂಗಾಂಬಿಕೆ ಹಿಂದಿನ ಗಾಜಿನಿಂದ ನೋಡಿದಳು. ರಸ್ತೆ ಇತ್ತು, ಹುಣಿಸೆಮರ ಇತ್ತು. ಸೀಟಿಗೆ ಒರಗಿ ಕೂತು, "ಆಮೇಲೆ ಏನಾಯ್ತು ಸುವಾರ್ತಕ್ಕ, ಹೇಳಿ" ಎಂದಳು.